ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ವರದಿಯಲ್ಲಿ ವರ್ಣತಂತುಗಳ ಬದಲಾವಣೆಯನ್ನು ಓದುವುದು ಹೇಗೆ

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಬಾಯಿ, ನಾಲಿಗೆ, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗ ಮತ್ತು ಜೊಲ್ಲುಗ್ರಂಥಿಗಳ ಗೆಡ್ಡೆಗಳೆಲ್ಲ ಸೇರುತ್ತವೆ. ಇವುಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಒಳಪೊರೆಯ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಕಾರ್ಸಿನೋಮಗಳು. ಗೆಡ್ಡೆಯ ವರ್ಣತಂತುಗಳ ಪರೀಕ್ಷಾ ವರದಿ ಕೈಗೆ ಬಂದಾಗ ವೈದ್ಯ ವಿದ್ಯಾರ್ಥಿಯೂ ದಂತವೈದ್ಯರೂ ರೋಗಿಯ ಮನೆಯವರೂ ಬಹುತೇಕ ಒಂದೇ ತಪ್ಪನ್ನು ಮಾಡುತ್ತಾರೆ: ದಪ್ಪಕ್ಷರದಲ್ಲಿ ಮುದ್ರಿತವಾದ, ‘ವರ್ಧನೆ’ (ಪ್ರತಿಗಳು ಬಹಳ ಹೆಚ್ಚಿರುವುದು) ಎಂದು ಹೆಸರಿಸಿದ ಜೀನನ್ನು ಹಿಡಿದುಕೊಂಡು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸಾಲಾಗಿ ನಿಂತಿರುವ ‘ನಷ್ಟ’ಗಳನ್ನು ದಾಟಿ ಮುಂದೆ ಹೋಗುತ್ತಾರೆ. ಈ ಕ್ಯಾನ್ಸರ್‌ಗಳ ಕಥೆಯ ಹೆಚ್ಚಿನ ಭಾಗ ಇರುವುದು ಕಳೆದುಹೋದದ್ದರಲ್ಲಿ. ಆದ್ದರಿಂದ ಈ ಬರಹ ಸೂಚಿಸುವ ಕ್ರಮ ಇದು: ಮೊದಲು ಮಾದರಿಯನ್ನು ಪರಿಶೀಲಿಸಿ, ನಂತರ ಗೆಡ್ಡೆ ಹುಟ್ಟಿದ ಜಾಗವನ್ನು ಮತ್ತು ಅದರಲ್ಲಿ ಮಾನವ ಪ್ಯಾಪಿಲೋಮ ವೈರಸ್ ಇದೆಯೇ ಎಂಬುದನ್ನು ನೋಡಿ, ಆಮೇಲೆ ನಷ್ಟಗಳನ್ನು ಓದಿ, ಹೆಚ್ಚಳಗಳನ್ನು ಕೊನೆಗೆ ಇಟ್ಟುಕೊಳ್ಳಿ.

ವಿಳಾಸವನ್ನು ಓದುವುದು

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದು ಖಚಿತವಾದದ್ದು 1956ರಲ್ಲಿ, ಜೋ ಹಿನ್ ಟ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಅವರ ಎಣಿಕೆಯಿಂದ. ಪ್ರತಿ ವರ್ಣತಂತುವಿಗೂ ಸೆಂಟ್ರೋಮಿಯರ್ ಎಂಬ ಬಿಗಿದ ನಡು ಇದೆ. ಅದರ ಒಂದು ಬದಿಯ ಗಿಡ್ಡ ತೋಳನ್ನು ‘ಪಿ’ ಎಂದೂ ಇನ್ನೊಂದು ಬದಿಯ ಉದ್ದ ತೋಳನ್ನು ‘ಕ್ಯೂ’ ಎಂದೂ ಕರೆಯುತ್ತಾರೆ. ಬಣ್ಣ ಹಾಕಿದಾಗ ತೋಳಿನ ಮೇಲೆ ಮೂಡುವ ಪಟ್ಟಿಗಳಿಗೆ ಸೆಂಟ್ರೋಮಿಯರಿನಿಂದ ತುದಿಯ ಕಡೆಗೆ ಏರುವ ಸಂಖ್ಯೆಗಳನ್ನು ಕೊಡಲಾಗಿದೆ. ಹೀಗಾಗಿ 9ಪಿ21 ಎಂದರೆ ಒಂಬತ್ತನೆಯ ವರ್ಣತಂತುವಿನ ಗಿಡ್ಡ ತೋಳಿನ ಎರಡನೆಯ ವಲಯದ ಒಂದನೆಯ ಪಟ್ಟಿ. ಇದನ್ನು ‘ಇಪ್ಪತ್ತೊಂದು’ ಎಂದು ಓದದೆ ‘ಎರಡು ಒಂದು’ ಎಂದು ಓದುವುದೇ ಸರಿ. ‘ಡೆಲ್’ ಎಂದಿದ್ದರೆ ತುಂಡು ಕಳೆದಿದೆ, ‘ಟಿ’ ಎಂದಿದ್ದರೆ ಎರಡು ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ (ಇದೇ ಸ್ಥಾನಾಂತರ), ‘ಐ’ ಎಂದಿದ್ದರೆ ಒಂದು ತೋಳು ಅಳಿದು ಇನ್ನೊಂದು ತೋಳು ಕನ್ನಡಿಯ ಪ್ರತಿಬಿಂಬದಂತೆ ಎರಡಾಗಿದೆ. ಈ ಕೊನೆಯದನ್ನು ಐಸೋಕ್ರೋಮೋಸೋಮ್ ಎನ್ನುತ್ತಾರೆ. ಮುಂದೆ ಅದು ಮತ್ತೆ ಬರುತ್ತದೆ.

ಹೊಸಬರನ್ನು ಎಡವಿಸುವ ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು. 9ಪಿ, 17ಪಿ ಎಂಬಲ್ಲಿ ‘ಪಿ’ ಅಕ್ಷರ ತೋಳನ್ನು ಹೇಳುತ್ತದೆ. ಪಿ16, ಪಿ53 ಎಂಬಲ್ಲಿ ಅದೇ ಅಕ್ಷರ ಪ್ರೋಟೀನನ್ನು ಹೇಳುತ್ತದೆ. ಪಿ16 ಪ್ರೋಟೀನಿನ ಜೀನ್ ಸಿಡಿಕೆಎನ್2ಎ ಇರುವುದು 9ಪಿ21ರಲ್ಲಿ, ಪಿ53 ಪ್ರೋಟೀನಿನ ಜೀನ್ ಟಿಪಿ53 ಇರುವುದು 17ಪಿ13ರಲ್ಲಿ. ‘ಪಿ16 ಪಾಸಿಟಿವ್’ ಎಂಬ ಸಾಲನ್ನು ಹದಿನಾರನೆಯ ವರ್ಣತಂತುವಿನ ಸುದ್ದಿಯೆಂದು ತಿಳಿದರೆ ಇಡೀ ವರದಿಯೇ ತಲೆಕೆಳಗಾಗುತ್ತದೆ.

ಡಿಎನ್‌ಎಯ ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗ್‌ನ ವರದಿಗಳು ಪಟ್ಟಿಯ ಬದಲಿಗೆ ಬೇಸ್‌ಗಳ, ಅಂದರೆ ಆ ಅಕ್ಷರಗಳ, ಸಂಖ್ಯೆಯಲ್ಲಿ ವಿಳಾಸ ಕೊಡಬಹುದು. ಆಗ ಯಾವ ಆಧಾರ ಜೀನೋಮನ್ನು (ಹೋಲಿಕೆಗೆ ಇಟ್ಟುಕೊಂಡ ಮಾನವ ಡಿಎನ್‌ಎಯ ನಕ್ಷೆಯನ್ನು) ಬಳಸಲಾಗಿದೆ ಎಂಬುದನ್ನು ಹುಡುಕಿ. ಸಿಸಿಎನ್‌ಡಿ1 ಜೀನ್ ಹಳೆಯ 37ನೆಯ ಆವೃತ್ತಿಯಲ್ಲಿ ಹನ್ನೊಂದನೆಯ ವರ್ಣತಂತುವಿನ ಸುಮಾರು 69.4 ದಶಲಕ್ಷದ ಬೇಸಿನ ಬಳಿ ಇದ್ದರೆ, 38ನೆಯ ಆವೃತ್ತಿಯಲ್ಲಿ ಸುಮಾರು 69.6 ದಶಲಕ್ಷದ ಬಳಿ ಇದೆ. ಎರಡು ಪ್ರಯೋಗಾಲಯಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆತರೆ ಇಲ್ಲದ ಬದಲಾವಣೆ ಕಾಣಿಸುತ್ತದೆ.

ಮಾದರಿಯನ್ನು ಮೊದಲು ಪ್ರಶ್ನಿಸುವುದು

ಬಯಾಪ್ಸಿಯ ತುಣುಕಿನಲ್ಲಿ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ರಕ್ತನಾಳ, ನಾರು, ರಕ್ಷಣಾ ಕೋಶಗಳು, ಆರೋಗ್ಯವಾಗಿರುವ ಒಳಪೊರೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಬಾಯಿ ಮತ್ತು ಟಾನ್ಸಿಲ್‌ನ ಗೆಡ್ಡೆಗಳಲ್ಲಂತೂ ಬಿಳಿ ರಕ್ತಕಣಗಳ ಗುಂಪು ದಟ್ಟವಾಗಿರುವುದು ಸಾಮಾನ್ಯ. ಆದ್ದರಿಂದ ವರದಿಯಲ್ಲಿ ‘ಗೆಡ್ಡೆಯ ಅಂಶ’ ಅಥವಾ ‘ಶುದ್ಧತೆ’ ಎಂದು ಬರೆದಿರುವ ಶೇಕಡಾವಾರನ್ನು ಮೊದಲು ನೋಡಬೇಕು. ಇದರ ಮಹತ್ವ ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಶುದ್ಧವಾದ ಗೆಡ್ಡೆಯಲ್ಲಿ ಎರಡು ಪ್ರತಿಗಳ ಪೈಕಿ ಒಂದು ಕಳೆದಿದ್ದರೆ ಲಾಗ್ ಅನುಪಾತ (ಮಾದರಿಯ ಡಿಎನ್‌ಎ ಪ್ರಮಾಣವನ್ನು ಸಹಜ ಪ್ರಮಾಣದಿಂದ ಭಾಗಿಸಿ, 2ರ ಆಧಾರದಲ್ಲಿ ತೆಗೆದ ಲಾಗರಿದಮ್) ಮೈನಸ್ 1 ಬರುತ್ತದೆ. ಅದೇ ನಷ್ಟ, ಅರ್ಧದಷ್ಟು ಮಾತ್ರ ಕ್ಯಾನ್ಸರ್ ಕೋಶಗಳಿರುವ ಮಾದರಿಯಲ್ಲಿ, ಸುಮಾರು ಮೈನಸ್ 0.4 ಮಾತ್ರ ಆಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಆ ಅರೆಶುದ್ಧ ಮಾದರಿಯಲ್ಲಿ ಎರಡೂ ಪ್ರತಿಗಳು ಪೂರ್ತಿ ಅಳಿದಿದ್ದರೂ ಅನುಪಾತ ಮೈನಸ್ 1ಕ್ಕೆ ಬಂದು ನಿಲ್ಲುತ್ತದೆ, ಅಂದರೆ ಪೂರ್ಣ ನಾಶವು ಶುದ್ಧ ಗೆಡ್ಡೆಯ ಅರ್ಧ ನಷ್ಟದ ವೇಷದಲ್ಲಿ ಕಾಣುತ್ತದೆ. ಶುದ್ಧತೆಯನ್ನು ಹೇಳದೆ ಅನುಪಾತವನ್ನಷ್ಟೇ ಕೊಟ್ಟ ವರದಿಯನ್ನು ನಾನು ಅಪೂರ್ಣವೆಂದೇ ಪರಿಗಣಿಸುತ್ತೇನೆ. ಆ ಸಂಖ್ಯೆಯನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಿರಿ.

ಎರಡನೆಯ ಪ್ರಶ್ನೆ ಅಂಗಾಂಶವನ್ನು ಸಂಸ್ಕರಿಸಿದ ರೀತಿಯದು. ದವಡೆಯ ಮೂಳೆಯನ್ನು ಹೊಕ್ಕ ಬಾಯಿಯ ಕ್ಯಾನ್ಸರ್‌ನಲ್ಲಿ ಮಾದರಿಯನ್ನು ಕತ್ತರಿಸುವ ಮೊದಲು ಮೂಳೆಯ ಸುಣ್ಣದ ಅಂಶವನ್ನು ತೆಗೆಯಬೇಕಾಗುತ್ತದೆ. ಇದಕ್ಕೆ ತೀವ್ರ ಆಮ್ಲವನ್ನು ಬಳಸಿದರೆ ಡಿಎನ್‌ಎ ಚೂರುಚೂರಾಗುತ್ತದೆ. ಇಡಿಟಿಎ ಎಂಬ ರಾಸಾಯನಿಕ ನಿಧಾನವಾದರೂ ಡಿಎನ್‌ಎಯನ್ನು ಉಳಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಪೆಥಾಲಜಿ ವಿಭಾಗದೊಡನೆ ಮಾತಾಡಿ, ಮೂಳೆ ಸೇರದ ಮೃದು ಭಾಗದ ಒಂದು ತುಣುಕನ್ನು ವರ್ಣತಂತು ಪರೀಕ್ಷೆಗೆಂದು ಪ್ರತ್ಯೇಕವಾಗಿ ಇಡಿಸಿಕೊಳ್ಳುವುದು ಅತ್ಯಂತ ಉಪಯುಕ್ತವಾದ ಮುನ್ನೆಚ್ಚರಿಕೆ. ಜೊತೆಗೆ ರೋಗಿಯ ರಕ್ತದ ಮಾದರಿಯನ್ನೂ ಪರೀಕ್ಷಿಸಲಾಗಿದೆಯೇ ನೋಡಿ. ಹುಟ್ಟಿನಿಂದಲೇ ಇರುವ ವ್ಯತ್ಯಾಸ ಯಾವುದು, ಗೆಡ್ಡೆಯಲ್ಲಿ ಮಾತ್ರ ಹುಟ್ಟಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ವಯಸ್ಸಾದ ಗಂಡಸರಲ್ಲಿ ವೈ ವರ್ಣತಂತುವಿನ ನಷ್ಟ ಕಂಡುಬಂದರೆ ಗಾಬರಿ ಬೇಡ. ವಯಸ್ಸಿನೊಂದಿಗೆ ರಕ್ತಕೋಶಗಳಲ್ಲಿಯೂ ಅದು ಕಾಣೆಯಾಗುತ್ತದೆ.

ಯಾವ ಪರೀಕ್ಷೆ ಏನನ್ನು ಕಾಣಲಾರದು

ಪರೀಕ್ಷೆಯ ಹೆಸರನ್ನು ಓದಿದ ಕೂಡಲೇ ಅದಕ್ಕೆ ಕಾಣದಿರುವುದು ಯಾವುದೆಂದು ಕೇಳಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಿ. ವಿಭಜನೆಯಾಗುತ್ತಿರುವ ಕೋಶವನ್ನು ನಿಲ್ಲಿಸಿ ವರ್ಣತಂತುಗಳನ್ನು ಜೋಡಿಸಿ ನೋಡುವ ಕ್ಯಾರಿಯೋಟೈಪ್ ಇಡೀ ಚಿತ್ರವನ್ನು ಕೊಡುತ್ತದೆ, ಆದರೆ ಅದಕ್ಕೆ ಜೀವಂತ ಕೋಶಗಳು ಬೇಕು, ಮತ್ತು ಈ ಗೆಡ್ಡೆಗಳು ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಫಿಶ್ ಎಂಬ ಹೊಳೆಯುವ ಶೋಧಕದ ಪರೀಕ್ಷೆ ಒಂದೊಂದು ಕೋಶವನ್ನೂ ಎಣಿಸಬಲ್ಲದು. ಆದರೆ ಶೋಧಕ ಎಲ್ಲಿಗೆ ಅಂಟುತ್ತದೆಯೋ ಅಲ್ಲಿಯದನ್ನು ಮಾತ್ರ ಹೇಳುತ್ತದೆ, ಮತ್ತು ತೆಳುವಾಗಿ ಕತ್ತರಿಸಿದ ಅಂಗಾಂಶದಲ್ಲಿ ಕೋಶಕೇಂದ್ರಗಳೇ ಅರ್ಧಕ್ಕೆ ತುಂಡಾಗುವುದರಿಂದ ಕೆಲವು ನಷ್ಟಗಳು ಕತ್ತಿಯ ಸೃಷ್ಟಿಯಾಗಿರುತ್ತವೆ. 1992ರಲ್ಲಿ ಬಂದ ತುಲನಾತ್ಮಕ ಜೀನೋಮ್ ಹೈಬ್ರಿಡೈಸೇಷನ್ ಮತ್ತು ಅದರಿಂದ ಬೆಳೆದ ಅರೇ ಪರೀಕ್ಷೆಗಳು ಇಡೀ ಜೀನೋಮಿನ ನಷ್ಟ ಮತ್ತು ಹೆಚ್ಚಳವನ್ನು ತೋರಿಸುತ್ತವೆ. ಡಿಎನ್‌ಎಯ ಪ್ರಮಾಣ ಬದಲಾಗದ ಸ್ಥಾನಾಂತರಗಳು ಅವುಗಳಿಗೆ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವೊಮ್ಮೆ ಗೆಡ್ಡೆಯ ಕೋಶ ಒಂದು ಪ್ರತಿಯನ್ನು ಕಳೆದುಕೊಂಡು, ಉಳಿದ ಪ್ರತಿಯನ್ನೇ ನಕಲು ಮಾಡಿಕೊಂಡು ಎಣಿಕೆಯನ್ನು ಎರಡಕ್ಕೆ ತರುತ್ತದೆ. ಪ್ರಮಾಣ ಅಳೆಯುವ ಪರೀಕ್ಷೆಗೆ ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ತಾಯಿಯಿಂದ ಬಂದ ಮತ್ತು ತಂದೆಯಿಂದ ಬಂದ ಪ್ರತಿಗಳ ವೈವಿಧ್ಯ ಅಳಿದುಹೋಗಿರುತ್ತದೆ. ಉಳಿದ ಪ್ರತಿಯಲ್ಲಿ ದೋಷವಿದ್ದರೆ ಆ ದೋಷವೇ ಎರಡಾಗಿರುತ್ತದೆ. ಇದನ್ನು ವೈವಿಧ್ಯನಷ್ಟ ಎನ್ನೋಣ. 9ಪಿ ಮತ್ತು 17ಪಿ ತೋಳುಗಳ ಬಗ್ಗೆ ‘ಸಹಜ’ ಎಂದು ಬರೆದಿದ್ದರೆ, ಆ ಪರೀಕ್ಷೆ ಎಸ್‌ಎನ್‌ಪಿ ಗುರುತುಗಳನ್ನು (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಡಿಎನ್‌ಎಯ ಒಂಟಿ ಅಕ್ಷರಗಳನ್ನು) ಬಳಸಿ ವೈವಿಧ್ಯನಷ್ಟವನ್ನೂ ನೋಡಿದೆಯೇ ಎಂದು ವಿಚಾರಿಸದೆ ಆ ಮಾತನ್ನು ಒಪ್ಪಬೇಡಿ.

ನಷ್ಟಗಳು

ಈಗ ಮುಖ್ಯ ವಿಷಯಕ್ಕೆ ಬರೋಣ; ವೈರಸ್ಸಿನಿಂದ ಮತ್ತು ಗೆಡ್ಡೆಯ ಜಾಗದಿಂದ ಆಗುವ ವ್ಯತ್ಯಾಸಗಳನ್ನು ಮುಂದೆ ಪ್ರತ್ಯೇಕವಾಗಿ ನೋಡೋಣ. ಬೆರಳನ್ನು ಮೊದಲು ಇಡಬೇಕಾದದ್ದು 9ಪಿ21ರ ಮೇಲೆ. ಇಲ್ಲಿರುವ ಸಿಡಿಕೆಎನ್2ಎ ಜೀನ್ ಒಂದೇ ಡಿಎನ್‌ಎಯ ತುಂಡನ್ನು ಎರಡು ರೀತಿಯಲ್ಲಿ ಓದಿಸಿ ಎರಡು ಕಾವಲುಗಾರರನ್ನು ಸೃಷ್ಟಿಸುತ್ತದೆ: ಪಿ16 ಪ್ರೋಟೀನ್ ಕೋಶವಿಭಜನೆಯ ಗಾಲಿಗೆ ಹಾಕಿದ ತಡೆ, ಪಿ14 ಪ್ರೋಟೀನ್, ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಪಿ53ಯನ್ನು ನಾಶದಿಂದ ಕಾಯುವ ರಕ್ಷೆ. ಒಂದು ಸಣ್ಣ ತುಂಡು ಕಳೆದರೆ ಎರಡೂ ಹೋಗುತ್ತವೆ. ಕ್ಯಾಲಿಫಾನೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಮಾದರಿಯ ಪ್ರಕಾರ, ಸೂಕ್ಷ್ಮದರ್ಶಕದಲ್ಲಿ ಕೋಶಗಳು ಬರೇ ದಟ್ಟವಾಗಿ ಬೆಳೆದಂತೆ ಕಾಣುವ, ಇನ್ನೂ ಕ್ಯಾನ್ಸರ್ ಎನ್ನಲಾಗದ ಹಂತದಲ್ಲಿಯೇ 9ಪಿ21ರ ನಷ್ಟ ಶುರುವಾಗಿರುತ್ತದೆ. ಕೋಶಗಳ ಆಕಾರ ಕೆಡುವ ಹಂತಕ್ಕೆ ಬರುವಾಗ 3ಪಿ ಮತ್ತು 17ಪಿ ತೋಳುಗಳ ನಷ್ಟ ಸೇರಿಕೊಳ್ಳುತ್ತದೆ. ನಂತರ 11ಕ್ಯೂ, 13ಕ್ಯೂ, 14ಕ್ಯೂ, ಆಮೇಲೆ ಆಳಕ್ಕೆ ಇಳಿಯುವ ಹಂತದಲ್ಲಿ 6ಪಿ, 8 ಮತ್ತು 4ಕ್ಯೂ. ಈ ಕ್ರಮವನ್ನು ಕಟ್ಟುನಿಟ್ಟಾದ ಸಾಲು ಎಂದು ತಿಳಿಯಬಾರದು. ಆ ಸಂಶೋಧಕರೇ, ಬದಲಾವಣೆಗಳ ಕ್ರಮಕ್ಕಿಂತ ಅವು ಒಟ್ಟಾಗುವುದು ಮುಖ್ಯ ಎಂದಿದ್ದರು. ಆದರೂ ವರದಿಯನ್ನು ಓದುವವರಿಗೆ ಈ ಏಣಿ ಬಹಳ ನೆರವಾಗುತ್ತದೆ, ಏಕೆಂದರೆ ಯಾವ ನಷ್ಟ ಹಳೆಯದು, ಯಾವುದು ಈಚಿನದು ಎಂಬ ಅಂದಾಜನ್ನು ಅದು ಕೊಡುತ್ತದೆ.

3ಪಿ ತೋಳಿನಲ್ಲಿ ಒಂದೇ ಜೀನನ್ನು ಹುಡುಕುವುದು ವ್ಯರ್ಥ. 3ಪಿ14ರಲ್ಲಿ ಎಫ್‌ಎಚ್‌ಐಟಿ ಇದೆ, ಅದು ಕೂತಿರುವ ಜಾಗವೇ ಸುಲಭವಾಗಿ ಮುರಿಯುವ ಭಂಗುರ ತಾಣ. 3ಪಿ21ರಲ್ಲಿ ಆರ್‌ಎಎಸ್‌ಎಸ್‌ಎಫ್1ಎ ಇದೆ, ತುದಿಯ ಕಡೆಗೆ ಇನ್ನೂ ಹಲವು ಜೀನ್‌ಗಳಿವೆ. ಬಹಳ ಗೆಡ್ಡೆಗಳಲ್ಲಿ ತೋಳು ಇಡಿಯಾಗಿಯೇ ಹೋಗಿರುತ್ತದೆ. 17ಪಿ13ರ ವಿಷಯ ಬೇರೆ: ಅಲ್ಲಿ ನಷ್ಟ ಕಂಡರೆ ಪಕ್ಕದಲ್ಲಿಯೇ ಟಿಪಿ53 ಜೀನಿನಲ್ಲಿ ಅಕ್ಷರದೋಷವೂ (ಮ್ಯುಟೇಷನ್) ಇದೆಯೇ ಎಂದು ಹುಡುಕಬೇಕು. ಒಂದು ಪ್ರತಿಯಲ್ಲಿ ದೋಷ, ಇನ್ನೊಂದರ ನಷ್ಟ, ಇವೆರಡೂ ಕೂಡಿದಾಗ ಕಾವಲು ಪೂರ್ತಿ ಹೋಗುತ್ತದೆ. 2015ರಲ್ಲಿ ಪ್ರಕಟವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನ 279 ಸ್ಕ್ವಾಮಸ್ ಗೆಡ್ಡೆಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 243 ಪ್ಯಾಪಿಲೋಮ ವೈರಸ್ ಇಲ್ಲದವು, ಮತ್ತು ಆ ಗುಂಪಿನ ಬಹುಪಾಲು ಗೆಡ್ಡೆಗಳಲ್ಲಿ ಟಿಪಿ53 ಕೆಟ್ಟಿತ್ತು. 18ಕ್ಯೂ ತೋಳಿನ ಎಸ್‌ಎಂಎಡಿ4, 4ಕ್ಯೂ ತುದಿಯ ಎಫ್‌ಎಟಿ1, 13ಕ್ಯೂ14ರ ಆರ್‌ಬಿ1, 8ಪಿ ತೋಳು ಇವುಗಳ ನಷ್ಟವನ್ನು ಗುರುತು ಹಾಕಿಕೊಂಡು ಮುಂದುವರಿದರೆ ಸಾಕು.

ನಷ್ಟಗಳ ಓದು ನಿಜಕ್ಕೂ ಬೆಲೆಬಾಳುವುದು ಕ್ಯಾನ್ಸರ್ ಹುಟ್ಟುವ ಮೊದಲು. ಬಾಯಿಯೊಳಗಿನ ಬಿಳಿ ಮಚ್ಚೆ, ಅಂದರೆ ಲ್ಯೂಕೋಪ್ಲೇಕಿಯ, ಎಲ್ಲರಲ್ಲೂ ಕ್ಯಾನ್ಸರಾಗುವುದಿಲ್ಲ. ಯಾವುದು ಆಗಬಹುದು ಎಂದು ಬರಿಗಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಖಚಿತವಾಗಿ ಹೇಳಲಾಗದು. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 3ಪಿ ಅಥವಾ 9ಪಿ ತೋಳಿನಲ್ಲಿ ವೈವಿಧ್ಯನಷ್ಟವಿದ್ದ ಮಚ್ಚೆಗಳಿಗೆ ಕ್ಯಾನ್ಸರಾಗುವ ಅಪಾಯ, ಆ ತೋಳುಗಳು ಉಳಿದಿದ್ದ ಮಚ್ಚೆಗಳಿಗಿಂತ 3.8 ಪಟ್ಟು ಕಂಡುಬಂತು. ಅದರ ಜೊತೆಗೆ 4ಕ್ಯೂ, 8ಪಿ, 11ಕ್ಯೂ, 13ಕ್ಯೂ, 17ಪಿ ತೋಳುಗಳಲ್ಲಿಯೂ ನಷ್ಟವಿದ್ದರೆ ಅಪಾಯ 33 ಪಟ್ಟಿಗೆ ಏರಿತು. ಹಾಗಾಗಿ ಮಚ್ಚೆಯ ವರದಿಯಲ್ಲಿ ಈ ಏಳು ತೋಳುಗಳನ್ನು ಒಂದೊಂದಾಗಿ ಟಿಕ್ ಹಾಕಿ ಎಣಿಸಿ. ಆದರೆ ಅಪಾಯವನ್ನು ಗುರುತಿಸುವುದು ಬೇರೆ, ಅದನ್ನು ಮಾತ್ರೆಯಿಂದ ತಡೆಯುವುದು ಬೇರೆ ಎಂಬುದನ್ನೂ ನೆನಪಿಡಬೇಕು: ಇಂಥ ಹೆಚ್ಚಿನ ಅಪಾಯದ ರೋಗಿಗಳಿಗೆ ಎರ್ಲೊಟಿನಿಬ್ ಕೊಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೈವಿಧ್ಯನಷ್ಟವು ಅಪಾಯದ ನಿಜವಾದ ಗುರುತು ಎಂಬುದು ದೃಢಪಟ್ಟಿತು, ಔಷಧಿ ಮಾತ್ರ ಕ್ಯಾನ್ಸರನ್ನು ತಡೆಯಲಿಲ್ಲ. ಈಗಲೂ ಉಳಿದಿರುವ ದಾರಿ ಎಂದರೆ ನಿಕಟವಾದ, ಬಿಡದ ತಪಾಸಣೆ, ತಂಬಾಕು ಮತ್ತು ಮದ್ಯವನ್ನು ಬಿಡುವುದು, ಅಗತ್ಯವೆನಿಸಿದರೆ ಮಚ್ಚೆಯನ್ನು ತೆಗೆಯುವುದು.

ಮಚ್ಚೆಯನ್ನು ತೆಗೆದ ಮಾತ್ರಕ್ಕೆ ನಿಶ್ಚಿಂತರಾಗಲು ಬಾರದಿರುವುದಕ್ಕೂ ಕಾರಣ ಇದರಲ್ಲೇ ಇದೆ. ಗೆಡ್ಡೆಯ ಸುತ್ತಲಿನ, ನೋಡಲು ಸಹಜವಾಗಿರುವ ಒಳಪೊರೆಯಲ್ಲಿಯೂ ಅದೇ 9ಪಿ, 3ಪಿ ನಷ್ಟವನ್ನು ಹೊತ್ತ ಕೋಶಗಳು ಹರಡಿಕೊಂಡಿರಬಹುದು. ಹೊಲದ ಒಂದು ಗಿಡ ಮಾತ್ರವಲ್ಲ, ಮಣ್ಣೇ ಕೆಟ್ಟಿರುತ್ತದೆ ಎಂಬ ಈ ಕಲ್ಪನೆಯನ್ನು ಸ್ಲಾಟರ್ ಮತ್ತು ಸಂಗಡಿಗರು 1953ರಲ್ಲಿಯೇ, ವರ್ಣತಂತು ಪರೀಕ್ಷೆಗಳು ಬರುವ ಮೊದಲೇ, ಬಾಯಿಯ ಕ್ಯಾನ್ಸರನ್ನು ನೋಡಿ ಮುಂದಿಟ್ಟಿದ್ದರು. ಒಂದೇ ರೋಗಿಯಲ್ಲಿ ವರ್ಷಗಳ ನಂತರ ಎರಡನೆಯ ಗೆಡ್ಡೆ ಬಂದಾಗ ಎರಡರ ವರದಿಗಳನ್ನೂ ಹೋಲಿಸಿ: ಆರಂಭದ ನಷ್ಟಗಳ ಮುರಿತದ ಬಿಂದುಗಳು ಒಂದೇ ಆಗಿದ್ದು ನಂತರದವು ಬೇರೆಯಾಗಿದ್ದರೆ, ಎರಡೂ ಅದೇ ಕೆಟ್ಟ ಹೊಲದಿಂದ ಎದ್ದಿವೆ ಎಂದು ಊಹಿಸಬಹುದು.

ಹೆಚ್ಚಳಗಳು

ಹೆಚ್ಚಳಗಳಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು 11ಕ್ಯೂ13. ವೈರಸ್ ಇಲ್ಲದ ಗೆಡ್ಡೆಗಳಲ್ಲಿ ಸುಮಾರು ಶೇ 30ರಲ್ಲಿ ಈ ಪ್ರದೇಶ ಹತ್ತಾರು ಪ್ರತಿಗಳಾಗಿ ಹಿಗ್ಗಿರುತ್ತದೆ. ವರದಿಯಲ್ಲಿ ಸಾಮಾನ್ಯವಾಗಿ ಹೆಸರು ಪಡೆಯುವುದು ಕೋಶವಿಭಜನೆಯನ್ನು ಮುಂದಕ್ಕೆ ತಳ್ಳುವ ಸೈಕ್ಲಿನ್ ಡಿ1 ಪ್ರೋಟೀನನ್ನು ಮಾಡುವ ಸಿಸಿಎನ್‌ಡಿ1. ಆದರೆ ಎಫ್‌ಎಡಿಡಿ, ಎಎನ್‌ಒ1, ಸಿಟಿಟಿಎನ್ ಜೀನ್‌ಗಳೂ ಅದೇ ತುಂಡಿನಲ್ಲಿ ಸೇರಿ ಹಿಗ್ಗುತ್ತವೆ, ಆದ್ದರಿಂದ ಎಲ್ಲ ಹೊಣೆಯನ್ನೂ ಒಂದೇ ಜೀನಿನ ಮೇಲೆ ಹೊರಿಸುವುದು ಸರಿಯಲ್ಲ.

ಈ ಹಿಗ್ಗುವಿಕೆಯ ಹಿಂದಿನ ಕ್ರಿಯೆ ತಿಳಿದರೆ ವರದಿಯ ಇನ್ನೊಂದು ಸಾಲು ತಾನಾಗಿಯೇ ಅರ್ಥವಾಗುತ್ತದೆ. ಮೊದಲು ವರ್ಣತಂತು 11ಕ್ಯೂ13ರ ಹೊರಬದಿಯಲ್ಲಿ ಮುರಿಯುತ್ತದೆ, ತುದಿಯ ಭಾಗ ಕಳೆದುಹೋಗುತ್ತದೆ. ತುದಿಯಿಲ್ಲದ ಎರಡು ಪ್ರತಿಗಳು ಒಂದಕ್ಕೊಂದು ಬೆಸೆದುಕೊಂಡು ಎರಡು ಸೆಂಟ್ರೋಮಿಯರ್ ಇರುವ ವರ್ಣತಂತುವಾಗುತ್ತವೆ. ಕೋಶ ವಿಭಜನೆಯಾಗುವಾಗ ಎರಡು ಕಡೆಯಿಂದ ಎಳೆತಕ್ಕೆ ಸಿಕ್ಕು ಅದು ಸೇತುವೆಯಂತೆ ಬಿಗಿದು, ಮತ್ತೆ ಎಲ್ಲೋ ಮುರಿಯುತ್ತದೆ; ಒಂದು ಮರಿಕೋಶಕ್ಕೆ ಹೆಚ್ಚು ಪ್ರತಿ, ಇನ್ನೊಂದಕ್ಕೆ ಕಡಿಮೆ. ಮತ್ತೆ ಬೆಸುಗೆ, ಮತ್ತೆ ಸೇತುವೆ, ಮತ್ತೆ ಮುರಿತ. ಮೆಕ್ಕೆಜೋಳದ ವರ್ಣತಂತುಗಳಲ್ಲಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಕಂಡು ವಿವರಿಸಿದ್ದ ಈ ಚಕ್ರವೇ ಬಾಯಿಯ ಕ್ಯಾನ್ಸರ್ ಕೋಶಗಳಲ್ಲಿಯೂ ನಡೆಯುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಇವತ್ತಿಗೂ ಬೆರಗು ಮೂಡಿಸುವ ಸಂಗತಿ. ಓದುಗರಿಗೆ ಇದರಿಂದ ಸಿಗುವ ಸೂಚನೆ ಇಷ್ಟು: 11ಕ್ಯೂ13ರ ವರ್ಧನೆ ಕಂಡರೆ ಅಲ್ಲಿಗೆ ನಿಲ್ಲದೆ, ಅದೇ ತೋಳಿನ ತುದಿಯ ಕಡೆಗೆ 11ಕ್ಯೂ22ರಿಂದ ಆಚೆಗೆ ನಷ್ಟವಿದೆಯೇ ನೋಡಿ. ಡಿಎನ್‌ಎಯ ಮುರಿತವನ್ನು ಗುರುತಿಸಿ ದುರಸ್ತಿಗೆ ಕರೆ ಕಳುಹಿಸುವ ಎಟಿಎಂ, ಎಚ್2ಎಎಕ್ಸ್, ಸಿಎಚ್‌ಇಕೆ1 ಜೀನ್‌ಗಳು ಇರುವುದು ಅಲ್ಲಿ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಈ ತುದಿಯ ನಷ್ಟ ವಿಕಿರಣಕ್ಕೆ ಬಗ್ಗದ ಗುಣದೊಡನೆ ಹೊಂದಿಕೊಂಡು ಕಂಡುಬಂದಿದೆ. ಗಮನ ಸೆಳೆಯುವ ವರ್ಧನೆಯ ನೆರಳಿನಲ್ಲಿಯೇ ಒಂದು ನಷ್ಟ ಅಡಗಿರುತ್ತದೆ.

3ಕ್ಯೂ ಹೆಚ್ಚಳಕ್ಕೂ ಇದೇ ಮಾತು ಒಪ್ಪುತ್ತದೆ. 3ಕ್ಯೂ26ರಲ್ಲಿ ಪಿಐಕೆ3ಸಿಎ ಮತ್ತು ಎಸ್‌ಒಎಕ್ಸ್2, ಸ್ವಲ್ಪ ಮುಂದೆ 3ಕ್ಯೂ28ರಲ್ಲಿ ಟಿಪಿ63 ಇವೆ. ಇವೆಲ್ಲ ಚಪ್ಪಟೆ ಕೋಶಗಳ ಬೆಳವಣಿಗೆಗೆ ಒತ್ತಾಸೆ ಕೊಡುವಂಥವು. ವರದಿಯಲ್ಲಿ ‘3ಪಿ ನಷ್ಟ’ ಮತ್ತು ‘3ಕ್ಯೂ ಹೆಚ್ಚಳ’ ಎರಡೂ ಸಾಲುಗಳಿದ್ದರೆ ಅವನ್ನು ಎರಡು ಪ್ರತ್ಯೇಕ ಅಪಘಾತಗಳೆಂದು ಎಣಿಸುವ ಮೊದಲು, ಸೆಂಟ್ರೋಮಿಯರಿನಲ್ಲೇ ಮುರಿದು ಹುಟ್ಟಿದ ಒಂದು ಐಸೋಕ್ರೋಮೋಸೋಮ್ ಎರಡಕ್ಕೂ ಕಾರಣವಿರಬಹುದೇ ಎಂದು ಯೋಚಿಸಿ. 8ಪಿ ನಷ್ಟ ಮತ್ತು 8ಕ್ಯೂ ಹೆಚ್ಚಳದ ಜೋಡಿಯೂ ಹೀಗೆಯೇ. ಈ ಗೆಡ್ಡೆಗಳಲ್ಲಿ ಸೆಂಟ್ರೋಮಿಯರಿನ ಬಳಿಯ ಮುರಿತಗಳು ಬಹಳ ಸಾಮಾನ್ಯ. ಬದಲಾವಣೆಗಳ ಸಂಖ್ಯೆಯನ್ನೇ ರೋಗದ ತೀವ್ರತೆಯ ಅಳತೆಯಾಗಿ ಬಳಸುವವರು ಈ ಎಚ್ಚರಿಕೆಯನ್ನು ಬಿಡಬಾರದು. ಉಳಿದಂತೆ 7ಪಿ ತೋಳಿನ ಇಜಿಎಫ್‌ಆರ್, 8ಕ್ಯೂ24ರ ಎಂವೈಸಿ, 5ಪಿ ಮತ್ತು 20ಕ್ಯೂ ಹೆಚ್ಚಳಗಳು ಪದೇ ಪದೇ ಕಾಣಸಿಗುತ್ತವೆ.

ಇದರೊಡನೆ ಇಡೀ ಕೋಶದ ಎಣಿಕೆಯನ್ನೂ ಗಮನಿಸಬೇಕು. ಬಹಳಷ್ಟು ಸ್ಕ್ವಾಮಸ್ ಗೆಡ್ಡೆಗಳ ವರ್ಣತಂತುಗಳ ಸಂಖ್ಯೆ 46ರ ಬದಲು 69ರ ಆಸುಪಾಸಿಗೆ, ಅಂದರೆ ಮೂರು ಪಟ್ಟಿನ ಹತ್ತಿರಕ್ಕೆ ಬಂದಿರುತ್ತದೆ. ಅಂಥ ಕೋಶದಲ್ಲಿ ‘ಸಹಜ’ ಎಂದರೆ ಮೂರು ಪ್ರತಿ. ಎರಡು ಪ್ರತಿ ಇರುವ ಜೀನು ಅಲ್ಲಿ ನಷ್ಟವಾಗಿಯೇ ಕಾಣುತ್ತದೆ. ವರದಿ ‘ಮೂರು ಪ್ರತಿಗಳು, ಹೆಚ್ಚಳ’ ಎಂದಾಗ ಅದು ಎರಡನ್ನು ಆಧಾರವಾಗಿ ಹಿಡಿದಿದೆಯೋ ಮೂರನ್ನೋ ಎಂದು ಕೇಳಬೇಕು. ಫಿಶ್ ವರದಿಗಳು ಜೀನಿನ ಎಣಿಕೆಯನ್ನು ಅದೇ ವರ್ಣತಂತುವಿನ ಸೆಂಟ್ರೋಮಿಯರಿನ ಎಣಿಕೆಯಿಂದ ಭಾಗಿಸಿ ಅನುಪಾತ ಕೊಡುವುದು ಈ ಕಾರಣಕ್ಕಾಗಿಯೇ.

ವೈರಸ್ ಇದ್ದಾಗ ನಕ್ಷೆಯೇ ಬೇರೆ

ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ಗಳಲ್ಲಿ ಒಂದು ದೊಡ್ಡ ಭಾಗಕ್ಕೆ ಮಾನವ ಪ್ಯಾಪಿಲೋಮ ವೈರಸ್, ಅದರಲ್ಲೂ 16ನೆಯ ಬಗೆ, ಕಾರಣ. ವೈರಸ್ಸಿನ ಇ6 ಪ್ರೋಟೀನ್ ಪಿ53ಯನ್ನು ನಾಶಕ್ಕೆ ತಳ್ಳುತ್ತದೆ, ಇ7 ಪ್ರೋಟೀನ್ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಕಾವಲುಗಾರರನ್ನು ವೈರಸ್ಸೇ ಮಣಿಸಿದ ಮೇಲೆ ವರ್ಣತಂತುಗಳನ್ನು ಮುರಿದು ಅವರನ್ನು ಓಡಿಸುವ ಅಗತ್ಯ ಗೆಡ್ಡೆಗೆ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ 9ಪಿ21ರ ನಷ್ಟವೂ 11ಕ್ಯೂ13ರ ವರ್ಧನೆಯೂ ಅಪರೂಪ, ಟಿಪಿ53 ಸಾಮಾನ್ಯವಾಗಿ ಅಕ್ಷರಶುದ್ಧವಾಗಿಯೇ ಇರುತ್ತದೆ, ಮತ್ತು ತಡೆ ಸಡಿಲಗೊಂಡ ಪರಿಣಾಮವಾಗಿ ಪಿ16 ಪ್ರೋಟೀನ್ ಕೋಶದಲ್ಲಿ ತುಂಬಿ ತುಳುಕುತ್ತದೆ. ಗೆಡ್ಡೆಯ ಕೋಶಗಳಲ್ಲಿ ಶೇ 70ರಷ್ಟಾದರೂ ಗಾಢವಾಗಿ ಪಿ16 ಬಣ್ಣ ಹಿಡಿದರೆ ಗಂಟಲಿನ ಈ ಭಾಗದಲ್ಲಿ ಅದನ್ನು ವೈರಸ್ಸಿನ ಗುರುತೆಂದು ಒಪ್ಪಲಾಗುತ್ತದೆ. 3ಕ್ಯೂ ಹೆಚ್ಚಳ ಎರಡೂ ಬಗೆಗಳಲ್ಲಿ ಸಮಾನ. 14ಕ್ಯೂ32ರ ಟಿಆರ್‌ಎಎಫ್3 ನಷ್ಟ ಮತ್ತು 20ಕ್ಯೂ11ರ ಇ2ಎಫ್1 ಹೆಚ್ಚಳ ವೈರಸ್ ಇರುವ ಗೆಡ್ಡೆಗಳತ್ತ ಬೆರಳು ತೋರಿಸುತ್ತವೆ.

ಇದರ ಉಪಯೋಗ ಹೊಂದಾಣಿಕೆಯನ್ನು ಪರಿಶೀಲಿಸುವುದರಲ್ಲಿದೆ. ಪಿ16 ಪಾಸಿಟಿವ್ ಎಂದು ಬರೆದ ಟಾನ್ಸಿಲ್ ಗೆಡ್ಡೆಯಲ್ಲಿ ಟಿಪಿ53 ಕೆಟ್ಟು, 11ಕ್ಯೂ13 ಹಿಗ್ಗಿದ್ದರೆ ವರದಿಯ ಎರಡು ಭಾಗಗಳು ಒಂದನ್ನೊಂದು ಒಪ್ಪುತ್ತಿಲ್ಲ ಎಂದರ್ಥ. ವೈರಸ್ಸಿನ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನು ನೇರವಾಗಿ ಹುಡುಕುವ ಪರೀಕ್ಷೆಯನ್ನು ಕೇಳಿ. ಅದೇ ರೀತಿ, ವೈರಸ್ ಇಲ್ಲದ ಬಾಯಿಯ ಗೆಡ್ಡೆಯೊಂದರಲ್ಲಿ ಬದಲಾವಣೆಗಳೇ ಇಲ್ಲವೆನ್ನುವಷ್ಟು ಕಡಿಮೆ ಇದ್ದರೆ ಮಾದರಿಯಲ್ಲಿ ಗೆಡ್ಡೆಯೇ ಇರಲಿಲ್ಲವೇ ಎಂಬ ಅನುಮಾನ ಮೊದಲು ಬರಬೇಕು. ಆದರೆ ಎಚ್‌ಆರ್‌ಎಎಸ್ ಮತ್ತು ಸಿಎಎಸ್‌ಪಿ8 ಜೀನ್‌ಗಳಲ್ಲಿ ದೋಷವಿದ್ದು ವರ್ಣತಂತುಗಳು ಬಹುತೇಕ ನೆಟ್ಟಗಿರುವ ಒಂದು ಸಣ್ಣ ಗುಂಪು ಬಾಯಿಯ ಕ್ಯಾನ್ಸರ್‌ನಲ್ಲಿ ನಿಜವಾಗಿಯೂ ಇದೆ. ಅದು ಟಿಪಿ53 ಕೆಡದೆ ಉಳಿದ ಗುಂಪು.

ಜೊಲ್ಲುಗ್ರಂಥಿಗಳಲ್ಲಿ ಸ್ಥಾನಾಂತರ

ಜೊಲ್ಲುಗ್ರಂಥಿಯ ಗೆಡ್ಡೆಗಳಿಗೆ ಬಂದಾಗ ಇಲ್ಲಿಯವರೆಗಿನ ಓದಿನ ಕ್ರಮವನ್ನು ಬದಿಗಿಡಬೇಕು. ಇಲ್ಲಿ ಹಲವು ಬಗೆಗಳಲ್ಲಿ ವರ್ಣತಂತುಗಳು ಅಷ್ಟೇನೂ ಚೆಲ್ಲಾಪಿಲ್ಲಿಯಾಗಿರುವುದಿಲ್ಲ, ಒಂದೇ ಒಂದು ಸ್ಥಾನಾಂತರ ರೋಗದ ಹೆಸರನ್ನೇ ನಿರ್ಧರಿಸುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮದಲ್ಲಿ 6 ಮತ್ತು 9ನೆಯ ವರ್ಣತಂತುಗಳ ಅದಲುಬದಲಿನಿಂದ ಎಂವೈಬಿ ಮತ್ತು ಎನ್‌ಎಫ್‌ಐಬಿ ಜೀನ್‌ಗಳು ಬೆಸೆಯುತ್ತವೆ; ಇಲ್ಲಿ 9ಪಿ ಹೆಸರು ಕಂಡೊಡನೆ ಸ್ಕ್ವಾಮಸ್ ಗೆಡ್ಡೆಯ ನಷ್ಟವೆಂದು ಓದಿಬಿಡಬೇಡಿ. ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮದಲ್ಲಿ 11ಕ್ಯೂ21 ಮತ್ತು 19ಪಿ13 ಕೂಡಿ ಸಿಆರ್‌ಟಿಸಿ1 ಮತ್ತು ಎಂಎಎಂಎಲ್2 ಒಂದಾಗುತ್ತವೆ. 2010ರಲ್ಲಿ ಮೊದಲು ವಿವರಿಸಲಾದ ಸ್ರವಿಸುವ ಕಾರ್ಸಿನೋಮದಲ್ಲಿ 12ಪಿ13ರ ಇಟಿವಿ6 ಮತ್ತು 15ಕ್ಯೂ25ರ ಎನ್‌ಟಿಆರ್‌ಕೆ3 ಬೆಸೆಯುತ್ತವೆ, ಮತ್ತು ಈ ಬೆಸುಗೆಯನ್ನೇ ಗುರಿಯಾಗಿಸುವ ಲಾರೊಟ್ರೆಕ್ಟಿನಿಬ್ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಮೊದಲೇ ಹೇಳಿದಂತೆ ಪ್ರಮಾಣವನ್ನಷ್ಟೇ ಅಳೆಯುವ ಪರೀಕ್ಷೆಗೆ ಇವು ಕಾಣುವುದಿಲ್ಲ. ತೋಳನ್ನು ಎರಡು ಬಣ್ಣಗಳಿಂದ ಗುರುತಿಸಿ ಬೇರ್ಪಟ್ಟಿದೆಯೇ ಎಂದು ನೋಡುವ ಫಿಶ್ ಅಥವಾ ಆರ್‌ಎನ್‌ಎ ಸೀಕ್ವೆನ್ಸಿಂಗ್ ಬೇಕು. ಮೂಗು ಅಥವಾ ಗಂಟಲ ನಡುಭಾಗದಲ್ಲಿ ವೇಗವಾಗಿ ಬೆಳೆಯುವ, ಕೋಶಗಳ ಗುರುತೇ ಸಿಗದ ಗೆಡ್ಡೆ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ ಇದ್ದರೆ, 15 ಮತ್ತು 19ನೆಯ ವರ್ಣತಂತುಗಳ ಸ್ಥಾನಾಂತರದಿಂದ ಹುಟ್ಟುವ ನಟ್ ಕಾರ್ಸಿನೋಮವನ್ನು ಪರೀಕ್ಷಿಸದೆ ಬಿಡಬಾರದು.

ಚಿಕಿತ್ಸೆಯ ಪ್ರಶ್ನೆಗೆ ವರದಿ ಎಷ್ಟು ಉತ್ತರಿಸಬಲ್ಲದು

ಸ್ಕ್ವಾಮಸ್ ಗೆಡ್ಡೆಗಳಲ್ಲಿ ಒಂದೇ ಒಂದು ವರ್ಣತಂತು ಬದಲಾವಣೆಯನ್ನು ನೋಡಿ ಶಸ್ತ್ರಚಿಕಿತ್ಸೆಯನ್ನೋ ವಿಕಿರಣವನ್ನೋ ಆರಿಸುವ ಸ್ಥಿತಿ ಇನ್ನೂ ಬಂದಿಲ್ಲ, ಮತ್ತು ಹಾಗೆ ಭರವಸೆ ಕೊಡುವುದು ರೋಗಿಗೆ ಮಾಡುವ ಅನ್ಯಾಯ. ಇಜಿಎಫ್‌ಆರ್ ಜೀನಿನ ಪ್ರತಿಗಳು ಹೆಚ್ಚಾಗಿವೆ ಎಂದಾಕ್ಷಣ, ಆ ಜೀನಿನ ಪ್ರೋಟೀನನ್ನೇ ಗುರಿಯಾಗಿಸುವ ಸೆಟುಕ್ಸಿಮ್ಯಾಬ್ ಔಷಧಿ ಹೆಚ್ಚು ಫಲಿಸುತ್ತದೆ ಎಂದು ಹೇಳಲಾಗುವುದಿಲ್ಲ. 9ಪಿ ನಷ್ಟದ ಬಗ್ಗೆ ಮಾತ್ರ ಈಚಿನ ವರ್ಷಗಳ ಕೆಲಸ ಹೊಸ ಆಸಕ್ತಿಯನ್ನು ಹುಟ್ಟಿಸಿದೆ. 9ಪಿ21ರಲ್ಲಿ ಸಿಡಿಕೆಎನ್2ಎ ಪಕ್ಕದಲ್ಲಿಯೇ ಇಂಟರ್ಫೆರಾನ್ ಜೀನ್‌ಗಳ ಗುಂಪಿದೆ, ಅದೇ ತೋಳಿನ ತುದಿಯ 9ಪಿ24ರಲ್ಲಿ ಪಿಡಿ-ಎಲ್1 ಮತ್ತು ಜೆಎಕೆ2 ಜೀನ್‌ಗಳಿವೆ; ಇವೆಲ್ಲ ದೇಹದ ಪ್ರತಿರಕ್ಷೆಗೆ ಸಂಬಂಧಿಸಿದವು. ತೋಳು ದೊಡ್ಡದಾಗಿ ಕಳೆದ, ವೈರಸ್ ಇಲ್ಲದ ಗೆಡ್ಡೆಗಳಲ್ಲಿ ರಕ್ಷಣಾ ಕೋಶಗಳು ವಿರಳವಾಗಿರುತ್ತವೆ, ಮತ್ತು ಪ್ರತಿರಕ್ಷೆಯ ತಡೆ ತೆಗೆಯುವ ಔಷಧಿಗಳಿಗೆ ಅವು ಕಡಿಮೆ ಸ್ಪಂದಿಸುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ‘9ಪಿ21 ನಷ್ಟ’ ಎಂಬ ಸಾಲನ್ನು ಓದುವಾಗ ಕಳೆದ ತುಂಡಿನ ಅಳತೆಯನ್ನೂ ಕೇಳಿ ಬರೆದುಕೊಳ್ಳಿ: ಪಟ್ಟಿ ಮಾತ್ರ ಹೋಗಿದೆಯೇ, ತುದಿಯವರೆಗೂ ಹೋಗಿದೆಯೇ.

ರಕ್ತದ ವರ್ಣತಂತುಗಳನ್ನೇ ನೋಡಬೇಕಾದ ಸಂದರ್ಭ

ಗೆಡ್ಡೆಯ ವರದಿಯನ್ನೆಲ್ಲ ಓದಿ ಮುಗಿಸಿದ ಮೇಲೂ ರೋಗಿಯ ವಯಸ್ಸನ್ನು ಒಮ್ಮೆ ನೋಡಿ. ತಂಬಾಕು, ಮದ್ಯಗಳ ಗೊಡವೆ ಇಲ್ಲದ, ಎಳೆಯ ವಯಸ್ಸಿನ ವ್ಯಕ್ತಿಗೆ ಬಾಯಿಯ ಅಥವಾ ಗಂಟಲಿನ ಸ್ಕ್ವಾಮಸ್ ಕ್ಯಾನ್ಸರ್ ಬಂದಿದ್ದರೆ, ಅದರಲ್ಲೂ ಕುಳ್ಳಗಿನ ಮೈಕಟ್ಟು, ಹೆಬ್ಬೆರಳಿನ ಹುಟ್ಟುದೋಷ, ಚರ್ಮದ ಮೇಲೆ ಕಂದು ಮಚ್ಚೆಗಳು ಅಥವಾ ರಕ್ತಕಣಗಳ ಕೊರತೆಯ ಇತಿಹಾಸ ಇದ್ದರೆ, ಫ್ಯಾಂಕೋನಿ ಅನೀಮಿಯವನ್ನು ನೆನೆಯಬೇಕು. ಈ ಆನುವಂಶಿಕ ಕಾಯಿಲೆಯಲ್ಲಿ ಡಿಎನ್‌ಎಯ ಎರಡು ಎಳೆಗಳು ಅಂಟಿಕೊಂಡಾಗ ಬಿಡಿಸುವ ಸಾಮರ್ಥ್ಯವಿರುವುದಿಲ್ಲ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಅಪಾಯ ಸಾಮಾನ್ಯರಿಗಿಂತ ನೂರಾರು ಪಟ್ಟು ಹೆಚ್ಚು. ಪರೀಕ್ಷೆ ಹಳೆಯದು ಮತ್ತು ನೇರವಾದದ್ದು: ರಕ್ತದ ಬಿಳಿ ಕಣಗಳನ್ನು ಡಿಎನ್‌ಎಯ ಎಳೆಗಳನ್ನು ಅಂಟಿಸುವ ಡೈಇಪಾಕ್ಸಿಬ್ಯೂಟೇನ್ ಅಥವಾ ಮೈಟೋಮೈಸಿನ್ ಸಿ ಜೊತೆ ಬೆಳೆಸಿ, ವರ್ಣತಂತುಗಳಲ್ಲಿ ಎದ್ದ ಮುರಿತಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಕೆಲವರಲ್ಲಿ ಮಜ್ಜೆಯ ಒಂದು ಕೋಶ ತನ್ನ ದೋಷವನ್ನು ತಾನೇ ಸರಿಪಡಿಸಿಕೊಂಡು ಹಬ್ಬಿರುವುದರಿಂದ ರಕ್ತದ ಫಲಿತಾಂಶ ಸಹಜವಾಗಿ ಬರಬಹುದು. ಅನುಮಾನ ಬಲವಾಗಿದ್ದರೆ ಚರ್ಮದ ಕೋಶಗಳಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಈ ಎಣಿಕೆ ಚಿಕಿತ್ಸೆ ಶುರುವಾಗುವ ಮೊದಲೇ ನಡೆಯಬೇಕು, ಏಕೆಂದರೆ ಇತರರು ತಾಳಿಕೊಳ್ಳುವ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಮತ್ತು ವಿಕಿರಣದ ಪ್ರಮಾಣ ಈ ರೋಗಿಗಳ ಪ್ರಾಣಕ್ಕೇ ಕುತ್ತಾಗಬಹುದು, ಮತ್ತು ಅವರಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆಯಾಗುತ್ತದೆ. ಅವರ ಒಡಹುಟ್ಟಿದವರನ್ನೂ ಅದೇ ವಾರ ಪರೀಕ್ಷೆಗೆ ಕರೆಸಿ.